ಮೂರನೇ ಬೆಂಡಿನ ಆಚೆಗಿನ ಕೋಣೆ

೧೯೮೨ರ ಬೇಸಿಗೆಯಲ್ಲಿ ನಾನು ರಾಯಚೂರಿನ ಒಂದು ತಗಡಿನ ಶೆಡ್ಡಿನಲ್ಲಿ ಮಿಸ್ತ್ರಿಯಾಗಿದ್ದೆ. ಹುಟ್ಟೂರು ಹಿರೇಕೊಟ್ನೆಕಲ್. ನಮ್ಮ ಮನೆಯವರು ಕುರಿ ಕಾಯುವವರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ನಾನು ಹಗಲು ತಗಡು ಬಡಿದು ಸಂಜೆ ಓದಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ಕೈಗೆ ಬಂದ ಮುಖ್ಯ ಕೆಲಸವೆಂದರೆ ಅಕ್ಕಿ ಗಿರಣಿಗಳಿಗೆ ಹೊಟ್ಟು ಹಾರಿಸುವ ಕೊಳವೆ ಮಾಡಿ ಕೂಡಿಸುವುದು. ಗಿರಣಿಯ ಬ್ಲೋವರಿಗೆ ಆನೆಯ ಬಲ ಇರುತ್ತದೆ. ಕೊಳವೆಯನ್ನು ಹೇಗೆ ತಿರುಗಿಸಿದರೂ ಅದು ಹೊಟ್ಟನ್ನು ಒದ್ದು ಹೊರಗೆ ಹಾಕುತ್ತದೆ. ಎಲ್ಲಾದರೂ ಗಾಳಿ ಸಾಲದೆ ಹೋದರೆ ಹೊಟ್ಟು ಅಲ್ಲೇ ಕಟ್ಟಿಕೊಂಡು ಗಂಟೆಯೊಳಗೆ ತಪ್ಪು ಗೊತ್ತಾಗುತ್ತದೆ. ಗಾಳಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಅಷ್ಟು ಸಾಕು ಅಂದುಕೊಂಡಿದ್ದೆ.

ಏಪ್ರಿಲ್ ಮೊದಲ ವಾರ ಮಾನ್ವಿಯ ಗಿರಣಿ ಸಾವ್ಕಾರ ಬಸವರಾಜಪ್ಪನವರು ಶೆಡ್ಡಿಗೆ ಬಂದರು. ಅವರ ಅಕ್ಕ ನೀಲಮ್ಮನವರಿಗೆ ಹೃದಯದ ಕಾಯಿಲೆ. ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಈ ಬೇಸಿಗೆಯ ಸೆಕೆಯನ್ನು ಅವರ ಜೀವ ತಡೆಯಲಿಕ್ಕಿಲ್ಲ, ಕೋಣೆ ತಂಪಾಗಿ ಇಡಿ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಸಾವ್ಕಾರರು ಹೊಸದಾಗಿ ಆರ್‌ಸಿಸಿ ಮಾಳಿಗೆಯ ಮನೆ ಕಟ್ಟಿಸಿದ್ದರು. ಮಣ್ಣಿನ ಮಾಳಿಗೆಯಾದರೆ ಒಂದಿಷ್ಟು ತಡೆಯುತ್ತದೆ, ಸಿಮೆಂಟಿನದು ಮಧ್ಯಾಹ್ನಕ್ಕೆ ರೊಟ್ಟಿಯ ಹಂಚಾಗುತ್ತದೆ.

"ಟಾಕೀಸಿನ್ಯಾಗ ಮ್ಯಾಲಿಂದ ಗಾಳಿ ಬಿಡ್ತಾರಲ್ಲೋ, ಹಂಗ ಮಾಡಿ ಕೊಡು. ಖರ್ಚಿನ ಮಾತು ಬಿಡು, ನಮ್ಮಕ್ಕ ಉಳೀಬೇಕು" ಅಂದರು.

ಅದರ ರಚನೆ ಸರಳ. ಮಾಳಿಗೆಯ ಮೇಲೆ ಒಂದು ದೊಡ್ಡ ಕೂಲರ್ ಪೆಟ್ಟಿಗೆ, ಅದರ ಮೂರು ಮಗ್ಗುಲಿಗೆ ಲಾವಂಚದ ಬೇರಿನ ತಟ್ಟಿ. ಪಂಪು ತಟ್ಟಿಗಳನ್ನು ಒದ್ದೆಯಾಗಿಡುತ್ತದೆ. ಒಳಗಿನ ಬ್ಲೋವರ್ ಆ ತಟ್ಟಿಗಳ ಮೂಲಕ ಗಾಳಿ ಎಳೆದು, ತಂಪಾದ ಗಾಳಿಯನ್ನು ಡಕ್ಟಿಗೆ ನೂಕುತ್ತದೆ. ಡಕ್ಟ್ ಎಂದರೆ ತಗಡಿನ ಚೌಕ ಕೊಳವೆ. ಅದು ಕೋಣೆ ಕೋಣೆಗೆ ಹೋಗಿ ಜಾಲರಿಯಲ್ಲಿ ತೆರೆದುಕೊಳ್ಳುತ್ತದೆ.

ಮನೆಯಲ್ಲಿ ಪಡಸಾಲೆ, ಎರಡು ಕೋಣೆ, ದೇವರ ಕೋಣೆ, ಕೊನೆಗೆ ಅಕ್ಕನವರ ಕೋಣೆ, ಎಲ್ಲವೂ ಒಂದೇ ಸಾಲಿನಲ್ಲಿ ಇದ್ದವು. ನೆಟ್ಟಗೆ ಡಕ್ಟ್ ಎಳೆದರೆ ಮುಗಿಯಿತು ಎಂದು ಟೇಪು ಹಿಡಿದೆ. ಆಗ ಒಳಗಿನಿಂದ ಅಕ್ಕನವರು ಕರೆದರು. ಅವರ ಮಂಚಕ್ಕೆ ಎದುರಾಗಿ ದೇವರ ಕೋಣೆಯ ಬಾಗಿಲಿತ್ತು. ಮಲಗಿದಲ್ಲಿಂದಲೇ ದೇವರ ಜಗಲಿಯ ಮೇಲಿನ ನಂದಾದೀಪ ಕಾಣುತ್ತಿತ್ತು. ಅವರ ತಾಯಿ ಹಚ್ಚಿದ ದೀಪ, ಎಂದೂ ಆರಿಲ್ಲ ಎಂಬ ನಂಬಿಕೆ.

"ತಮ್ಮಾ, ನಿನ್ನ ಹೆಸರೇನಪಾ?"

"ಬೀರಪ್ಪ ರೀ."

"ಬೀರಪ್ಪಾ, ದೇವರ ತಲಿ ಮ್ಯಾಲೆ ನಿನ್ನ ಕೊಳವಿ ಹಾಯಿಸಬ್ಯಾಡ. ಸಂದಿಗೊಂದಿಲಿಂದ ಗಾಳಿ ಸೋರಿ ದೀಪಕ್ಕ ಬಡೀತಂದ್ರ? ನಾ ಆರಿದ್ರೂ ಚಿಂತಿಲ್ಲ, ಅದು ಆರಬಾರದು."

"ಸುತ್ತು ಹಾಕಿ ತರತೀನ್ರೀ ಅಕ್ಕಾರ" ಅಂದೆ. ಅವರ ಮುಖ ಅರಳಿತು. ನನಗೂ ಸಂತೋಷವಾಯಿತು.

ದೇವರ ಕೋಣೆಯ ಮುಂದೆ ಡಕ್ಟನ್ನು ಬಲಕ್ಕೆ ತಿರುಗಿಸಿ, ಪಕ್ಕದ ಉಗ್ರಾಣದ ಗೋಡೆಗುಂಟ ಎಡಕ್ಕೆ ಒಯ್ದು, ಮತ್ತೆ ಎಡಕ್ಕೆ ಹೊರಳಿಸಿ ಅಕ್ಕನವರ ಕೋಣೆಗೆ ಬಿಟ್ಟೆ. ಮೂರು ಬೆಂಡು, ಅಂದರೆ ತಿರುವು, ಮೂರೂ ಪೆಟ್ಟಿಗೆಯ ಮೂಲೆಯಂತೆ ಲಂಬಕೋನದವು. ಉಗ್ರಾಣದಲ್ಲಿ ಜಾಗ ಸಾಲದೆ ಹದಿನಾಲ್ಕು ಇಂಚಿನ ಡಕ್ಟನ್ನು ಎಂಟು ಇಂಚಿಗೆ ಇಳಿಸಿದೆ.

ಬ್ಲೋವರ್ ಶುರು ಮಾಡಿದ ದಿನ ಅರ್ಧ ಓಣಿ ಪಡಸಾಲೆಯಲ್ಲಿತ್ತು. ಪ್ರತಿ ಜಾಲರಿಗೂ ಪತಂಗದ, ಅಂದರೆ ಗಾಳಿಪಟದ, ತೆಳು ಕಾಗದದ ಪಟ್ಟಿ ಅಂಟಿಸಿದ್ದೆ. ಪಡಸಾಲೆಯಲ್ಲಿ ಅದು ಹರಿದುಹೋಗುವಷ್ಟು ಬಡಿದುಕೊಂಡಿತು. ಅಕ್ಕನವರ ಕೋಣೆಯಲ್ಲಿ ಮೆಲ್ಲಗೆ ಕುಣಿಯಿತು. ಪತಂಗದ ಕಾಗದ ಕುಣಿಯಲು ಮನುಷ್ಯನ ಉಸಿರು ಸಾಕು. ಅದು ನನಗೆ ಗೊತ್ತಿತ್ತು. "ನೋಡ್ರಿ, ಬಂತು" ಅಂದೆ. ಎಲ್ಲರೂ ಕಾಗದ ನೋಡಿದರು. ನಾನು ದೀಪದ ಕಡೆ ಬೊಟ್ಟು ಮಾಡಿದೆ. ಬಾಗಿಲು ತೆರೆದೇ ಇದ್ದರೂ ಅದು ಕೂದಲೆಳೆಯಷ್ಟೂ ಅಲುಗದೆ ಉರಿಯುತ್ತಿತ್ತು. ಅದನ್ನು ನನ್ನ ಹೆಗ್ಗಳಿಕೆ ಎಂದೇ ತಿಳಿದಿದ್ದೆ.

ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದೆ. ಅಕ್ಕನವರ ಕಿಟಕಿಗೆ ಮನೆಯ ಕೆಲಸದ ಹನುಮವ್ವ ದಿನವೂ ಗೋಣಿತಟ್ಟು ಒದ್ದೆ ಮಾಡಿ ಕಟ್ಟುತ್ತಿದ್ದಳು. ಅದನ್ನು ಬಿಚ್ಚಿ, ತಂಪು ಹೊರಗೆ ಹೋಗದಂತೆ ಕಿಟಕಿ ಮುಚ್ಚಿಬಿಡು ಅಂದೆ. ಇಂಥ ಕೂಲರಿನಲ್ಲಿ ಒಳಗೆ ಬಂದ ಗಾಳಿ ಹೊರಗೆ ಹೋಗಲು ದಾರಿ ಇರಲೇಬೇಕು, ಇಲ್ಲವಾದರೆ ಹೊಸ ಗಾಳಿ ಬರುವುದಿಲ್ಲ. ಇದನ್ನು ನಾನು ಕಲಿತದ್ದು ಆಮೇಲೆ.

ಹದಿನೈದು ದಿನಕ್ಕೆ ತಟ್ಟಿ ಬದಲಾಯಿಸಲು ಹೋದೆ. ಮಟಮಟ ಮಧ್ಯಾಹ್ನ. ಸಾವ್ಕಾರರು ಗಿರಣಿಯಲ್ಲಿದ್ದರು. ಮಾಳಿಗೆ ಹತ್ತಿ ಬ್ಲೋವರ್ ಬಂದ್ ಮಾಡಿ, ಪೆಟ್ಟಿಗೆ ತೆರೆದು ತಲೆ ಒಳಗೆ ಹಾಕಿದೆ. ಎಲ್ಲ ನಿಶ್ಶಬ್ದ. ಆಗ ಡಕ್ಟಿನ ಬಾಯಿಂದ ಕಿವಿಯ ಹತ್ತಿರವೇ ಕೂತು ಆಡಿದಂತೆ ಮಾತು ಕೇಳಿಸಿತು.

"ಹನುಮವ್ವಾ, ಆ ಬೀಸಣಿಕಿ ಕೊಡು ಬೇ."

"ಮ್ಯಾಲಿಂದ ಗಾಳಿ ಬರತಿತ್ತಲ್ರೀ ಅಕ್ಕಾರ. ಕಾಗದ ಹ್ಯಾಂಗ ಕುಣೀತಿತ್ತು ನೋಡ್ರಿ."

"ಕಾಗದ ಕುಣಿದ್ರ ನನಗ ತಂಪಾತೇನು? ಅದು ಕುಣೀತದ, ನಾ ಕುದಿಯಾಕತ್ತೀನಿ. ತಮ್ಮಗ ಹೇಳಿಗೀಳಿ ಮತ್ತ! ಅಕ್ಕಗ ಕಾಶ್ಮೀರ ತಂದು ಕೊಟ್ಟೀನಂತ ಊರ ತುಂಬ ಹೇಳ್ಕೊಂಡು ತಿರುಗ್ಯಾನ."

ಹನುಮವ್ವ ನಕ್ಕಳು. ಅಕ್ಕನವರೂ ನಕ್ಕರು, ಆ ನಗು ನಡುವೆಯೇ ಕಡಿಯಿತು. ಆಮೇಲೆ ಮಾತಿಲ್ಲ, ಬರೀ ಉಸಿರು. ಎಳೆದು, ತಡೆದು, ಮತ್ತೆ ಎಳೆಯುವ ಉಸಿರು. ನಾನು ಮಾಡಿದ ದಾರಿಯಲ್ಲಿ ಗಾಳಿ ಅವರ ತನಕ ಹೋಗುತ್ತಿರಲಿಲ್ಲ. ಅವರ ಉಸಿರು ಮಾತ್ರ ನನ್ನ ತನಕ ಬಂತು.

ನಾಲ್ಕು ಗಂಟೆಗೆ ದೇವದುರ್ಗದ ಬಸ್ಸಿತ್ತು. ಅಲ್ಲೊಂದು ಹತ್ತಿ ಗಿರಣಿಯಲ್ಲಿ ಧೂಳು ಎಳೆಯುವ ಡಕ್ಟ್ ಕೂಡಿಸಬೇಕಿತ್ತು. ಎಂಟು ದಿನದಲ್ಲಿ ಬಂದು ಇದನ್ನು ಸರಿ ಮಾಡಿದರಾಯಿತು ಅಂದುಕೊಂಡೆ. ಕೆಳಗೆ ಇಳಿದು, ಅಕ್ಕಾರ, ಕಿಟಕಿ ತೆಗೀರಿ, ಗೋಣಿತಟ್ಟು ಮತ್ತೆ ಕಟ್ಟಿಸ್ರಿ ಎನ್ನಲು ಎರಡು ನಿಮಿಷವೂ ಬೇಕಿರಲಿಲ್ಲ. ಹೇಳಿದರೆ ನನ್ನ ಕೆಲಸ ಕೆಟ್ಟಿದೆ ಎಂದು ನಾನೇ ಒಪ್ಪಿಕೊಂಡಂತೆ. ಪೆಟ್ಟಿಗೆ ಮುಚ್ಚಿದೆ. ಬ್ಲೋವರ್ ಹಾಕಿದೆ. ಅದರ ಸದ್ದಿಗೆ ಉಸಿರು ಕೇಳಿಸದಾಯಿತು.

ದೇವದುರ್ಗದಲ್ಲಿ ಹನ್ನೊಂದು ದಿನ ಹಿಡಿಯಿತು. ತಿರುಗಿ ಮಾನ್ವಿಗೆ ಬಂದು ಬಸ್ ನಿಲ್ದಾಣದಲ್ಲಿ ಇಳಿದಾಗ ಚಹಾದ ಅಂಗಡಿಯವನು ಹೇಳಿದ: "ಸಾವ್ಕಾರ್ರ ಅಕ್ಕ ಹೋಗಿ ಮೂರು ದಿನ ಆತಲ್ಲೋ."

ಸಾವ್ಕಾರರು ಕಟ್ಟೆಯ ಮೇಲೆ ಕೂತಿದ್ದರು. ಬೈಗುಳ ತಿನ್ನಲು ಸಿದ್ಧನಾಗಿ ಹೋಗಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

"ಬಾ ಬೀರಪ್ಪ. ನಿನ್ನ ಗಾಳಿ ಇತ್ತಂತ ಇಷ್ಟು ದಿನರ ತಡಕೊಂಡ್ಲು. ಪೋತ್ನಾಳದ ಬೀಗರೂ ತಮ್ಮ ಮನಿಗೆ ಇಂಥದಽ ಬೇಕಂತಾರ."

ನಾನು ಕೈ ಬಿಡಿಸಿಕೊಂಡೆ. "ಮೊದಲು ಇದನ್ನ ಒಮ್ಮಿ ಬಿಚ್ಚಿ ನೋಡ್ತೀನ್ರಿ" ಅಂದೆ.

ಏಣಿ ಹಾಕಿ ಒಂದೊಂದೇ ಜೋಡಣೆ ಬಿಚ್ಚಿದೆ. ಗಾಳಿ ಹರಿದಲ್ಲೆಲ್ಲ ಧೂಳು ಇರುತ್ತದೆ. ಮೊದಲ ಬೆಂಡಿನ ತನಕ ಬೆರಳಿಗೆ ಮೆತ್ತುವಷ್ಟು ಕೆಂಪು ಧೂಳು ಕೂತಿತ್ತು. ಎರಡನೆಯದರಲ್ಲಿ ತೆಳುವಾಗಿ ಹರಡಿತ್ತು. ಮೂರನೆಯದರ ಮೂಲೆಯಲ್ಲಿ ಒಂದು ಚಿಟಿಕೆ. ಅದರಾಚೆಯ ತಗಡು ಕೂಡಿಸಿದ ದಿನದಂತೆ ಫಳಫಳ ಹೊಳೆಯುತ್ತಿತ್ತು. ಗುರುತಿಗೆಂದು ಒಳಮೈಯಲ್ಲಿ ಪೆನ್ಸಿಲಿನಿಂದ ಬಾಣ ಎಳೆದು "ಅಕ್ಕಾರ ಕೋಣಿ" ಎಂದು ಬರೆದಿದ್ದೆ. ಒಂದಕ್ಷರವೂ ಮಾಸಿರಲಿಲ್ಲ.

ಸಾವ್ಕಾರರೂ ಏಣಿ ಹತ್ತಿದರು. ಜೀವಮಾನವೆಲ್ಲ ಹೊಟ್ಟಿನ ಕೊಳವೆ ನೋಡಿದವರು, ಅವರಿಗೆ ವಿವರಿಸಬೇಕಾಗಿರಲಿಲ್ಲ. ಬೆರಳಿನಿಂದ ತಗಡು ಸವರಿ, ಬೆರಳು ನೋಡಿಕೊಂಡರು.

"ಇಲ್ಲಿ ತನ ಗಾಳಿ ಬಂದೇ ಇಲ್ಲೇನು?"

"ಇಲ್ರೀ ಯಪ್ಪಾ."

"ದಿನಾ ಕೇಳ್ತಿದ್ದೆ, ತಂಪದ ಏನಕ್ಕಾ ಅಂತ. ತಂಪದೋ ತಮ್ಮಾ, ಚಾದರ ಹೊಚ್ಚು ಅಂತಿದ್ಲು."

ಕೆಳಗೆ ಏಣಿ ಹಿಡಿದಿದ್ದ ಹನುಮವ್ವ ದೀಪದ ಕಡೆ ನೋಡಿ ಹೇಳಿದಳು: "ಒಂದು ಕಂದೀಲಿನ ಗಾಜು ಮುಚ್ಚಿದ್ರ ಆಗತಿರಲಿಲ್ಲೇನ್ರಿ?"

ಸಾವ್ಕಾರರು ಏಣಿಯಿಂದ ಇಳಿದರು. ಅಕ್ಕನವರ ಕೋಣೆಯ ಬಾಗಿಲಲ್ಲಿ ನಿಂತು ಅಂದರು: "ಇನ್ನ ಮ್ಯಾಲೆ ಆ ಕೋಣ್ಯಾಗ ನಾ ಮಲಗತೀನಿ. ಗಾಳಿ ತಂದು ಕೊಡು."

ಒಂದು ವಾರ ಅಲ್ಲೇ ಇದ್ದು ಮಾಡಿದೆ. ಕೂಲರ್ ಪೆಟ್ಟಿಗೆಯಿಂದಲೇ ಬೇರೆ ಡಕ್ಟ್ ತೆಗೆದು, ಹೊರಗೋಡೆಗುಂಟ ಅಗಲವಾಗಿ ತಂದು, ಒಂದೇ ಒಂದು ದುಂಡನೆಯ ಬೆಂಡಿನಿಂದ ಆ ಕೋಣೆಗೆ ಇಳಿಸಿದೆ. ಪಡಸಾಲೆಯ ಜಾಲರಿಗೆ ಡ್ಯಾಂಪರ್, ಅಂದರೆ ಗಾಳಿ ತಡೆಯುವ ಬಾಗಿಲು, ಕೂಡಿಸಿ ಅರ್ಧ ಮುಚ್ಚಿದೆ. ಪೆಟ್ಟಿಗೆಗೆ ಹತ್ತಿರದ ಕೋಣೆ ಗಾಳಿಯನ್ನೆಲ್ಲ ನುಂಗುತ್ತದೆ, ಪ್ರತಿ ಲಂಬಕೋನದ ಬೆಂಡು ಅದರ ಕಾಲು ಮುರಿಯುತ್ತದೆ, ಸಂದು ಬಿಟ್ಟ ಜೋಡಣೆಗಳು ಉಳಿದದ್ದನ್ನು ಸೋರಿಸುತ್ತವೆ. ಬ್ಲೋವರ್ ಎಷ್ಟೇ ದೊಡ್ಡದಿರಲಿ, ದಾರಿ ಕೆಟ್ಟಿದ್ದರೆ ತಂಪು ಬೇಡದವರಿಗೆ ಸಿಕ್ಕು ಬೇಕಾದವರಿಗೆ ಸಿಗುವುದಿಲ್ಲ. ಕಿಟಕಿ ತೆರೆಸಿ ಬ್ಲೋವರ್ ಹಾಕಿದಾಗ ಬಾಗಿಲಾಚೆ ನಂದಾದೀಪ ಮೊದಲ ಸಲ ಹೊಯ್ದಾಡಿತು. ಹನುಮವ್ವ ಓಡಿ ಹೋಗಿ ಗಾಜು ಇಟ್ಟಳು. ಅದು ನೆಟ್ಟಗಾಯಿತು. ಮಂಚ ಖಾಲಿಯಿತ್ತು.

ಆಮೇಲೆ ಡಕ್ಟಿನ ಲೆಕ್ಕಾಚಾರವನ್ನು ಪುಸ್ತಕ ನೋಡಿ ಕಲಿತೆ. ಪೋತ್ನಾಳದಲ್ಲಿ, ಜಾಲಹಳ್ಳಿಯಲ್ಲಿ, ರಾಯಚೂರಿನಲ್ಲಿ ಬಹಳ ಮನೆಗಳಿಗೆ ಮಾಡಿದೆ. ಎಲ್ಲಿ ಹೋದರೂ ಮೊದಲು ಕೇಳುವುದು ಒಂದೇ: ಈ ಮನೆಯಲ್ಲಿ ಏಳಲಾರದವರು ಯಾರು, ಅವರು ಎಲ್ಲಿ ಮಲಗುತ್ತಾರೆ? ಅಲ್ಲಿ ಹೋಗಿ ಕೂತು, ಅಲ್ಲಿಂದ ಬ್ಲೋವರಿನ ಕಡೆಗೆ ಹಿಂದೆ ಹಿಂದೆ ಗೆರೆ ಎಳೆಯುತ್ತೇನೆ. ಕಾಗದ ಅಂಟಿಸುವುದನ್ನು ಬಿಟ್ಟೆ. ಒಂದು ದೀಪ ಹಚ್ಚಿ ಇಡುತ್ತೇನೆ, ಅದು ಅಲುಗದಿದ್ದರೆ ಕೆಲಸ ಮುಗಿದಿಲ್ಲ.

ಮಾಳಿಗೆಯ ಮೇಲೆ ನಾನು ಕೇಳಿದ್ದನ್ನು ಮಾತ್ರ ಸಾವ್ಕಾರರಿಗೆ ಹೇಳಲಿಲ್ಲ. ಹೇಳಬೇಕೆಂದು ಮೂರು ಸಲ ಮಾನ್ವಿಗೆ ಹೋಗಿ, ಚಹಾ ಕುಡಿದು ಬಂದೆ. ಈಗ ಅವರಿಲ್ಲ. ಪ್ರತಿ ಮನೆಯಲ್ಲೂ ಕೆಲಸ ಮುಗಿದ ಮೇಲೆ ನಾನು ಬ್ಲೋವರ್ ನಿಲ್ಲಿಸಿ, ಡಕ್ಟಿನ ಬಾಯಿಗೆ ಕಿವಿ ಇಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ. ಮಿಸ್ತ್ರಿ ಸೋರಿಕೆ ನೋಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಕೆಳಗಿನ ಕೋಣೆಯಲ್ಲಿ ಯಾರಾದರೂ ಬೀಸಣಿಕೆ ಕೇಳಿದರೆ, ಈ ಸಲ ಕೆಳಗೆ ಇಳಿದು ಹೋಗಬೇಕು.