ಮಿರಜಿನವರ ನಡುವೆ ಕೂತು ನೋಡಿದ ಕುಸ್ತಿ

ಸಂಸ್ಥಾನಗಳ ಕಾಲದಲ್ಲಿ ಸಾಂಗ್ಲಿ, ಮಿರಜಿನ ಪೈಲವಾನರಿಗೆ ಕುಸ್ತಿ ಬಿತ್ತೆಂದರೆ ನೋಡಲು ಬರುವವರೂ ಜಗಳಕ್ಕೆ ಸಜ್ಜಾಗಿಯೇ ಬರುತ್ತಿದ್ದರು. ಹಿಂದಿನ ವರ್ಷದ ಕಲ್ಲುತೂರಾಟದಲ್ಲಿ ಹರಿಪುರದ ರೈತನೊಬ್ಬನ ಕಣ್ಣು ಹೋಗಿತ್ತು. ಕುಸ್ತಿ ಏರ್ಪಡಿಸುತ್ತಿದ್ದ ನಮ್ಮ ಕಾಕಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಈ ಸಲ ಪೈಲವಾನರ ಮನೆಯವರು ಎದುರು ಊರಿನವರ ನಡುವೆಯೇ ಕೂಡಬೇಕು ಎಂದು ಹಟ ಹಿಡಿದರು.

"ನನ್ನ ಹೊಡದು ಹಾಕಿದ್ರ?" ಎಂದೆ.

"ನಿನ್ನ ಕೂಡ್ಸದ ಬ್ಯಾರೇವ್ರ ಮಕ್ಕಳನ್ನ ಕೂಡಸಲೇನು?" ಎಂದರು.

ಆ ದಿನ ಸಾಂಗ್ಲಿಯ ಪರವಾಗಿ ಕುಸ್ತಿ ಹಿಡಿಯುವವನು ನಮ್ಮಣ್ಣ. ನನ್ನ ಅರಿವೆ ಅಂಗಡಿ ಮುಚ್ಚಿ ಹೋಗಿ ಮಿರಜಿನವರ ನಡುವೆ ಕೂತೆ. ನನ್ನ ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ಕಣದ ಆಚೆ, ನಮ್ಮೂರವರ ನಡುವೆ, ಮಿರಜಿನ ಪೈಲವಾನನ ಮುದಿ ತಂದೆ ಬಿಳಿ ರುಮಾಲು ಸುತ್ತಿಕೊಂಡು ಒಬ್ಬರೇ ಕೂತಿದ್ದರು.

ಕುಸ್ತಿ ಬಹಳ ಹೊತ್ತು ನಡೆಯಿತು. ಕೊನೆಗೆ ಅಣ್ಣ ಎದುರಾಳಿಯನ್ನು ಎತ್ತಿ ಕೆಡವಿದ. ಧೂಳೆದ್ದಿತು. ಪಂಚರು ಅಣ್ಣನ ಕೈ ಎತ್ತಿದ್ದೇ ತಡ, ನನ್ನ ಸುತ್ತ ಇದ್ದವರೆಲ್ಲ ಎದ್ದು ನಿಂತರು. ಪಕ್ಕದಲ್ಲಿದ್ದ, ಮಿರಜಿನ ಹತ್ತಿರದ ಬೇಡಗ ಊರಿನ ಆಳೊಬ್ಬ ಧೋತರದ ಗಂಟಿನಿಂದ ಕಲ್ಲು ತೆಗೆದು ನನ್ನ ರಟ್ಟೆ ಹಿಡಿದ.

"ಏಳ್ರಿ! ಬೆನ್ನು ಮಣ್ಣಿಗೆ ಹತ್ತಿಲ್ಲಂತ ಕೂಗ್ರಿ!"

ನಾನು ಕೂತಲ್ಲಿಂದ ಏಳಲಿಲ್ಲ. "ಹತ್ತೇತ್ರಿ. ನಾ ನೋಡೇನಿ."

"ಯಾವೂರವ್ರ ನೀವು?"

"ಸಾಂಗ್ಲಿ. ಗೆದ್ದಾವ ನಮ್ಮಣ್ಣ ರೀ."

ಅವನ ಹಿಡಿತ ಬಿಗಿಯಾಯಿತು. "ಅಲ್ಲಿ ನೋಡ್ರಿ, ಬಿಳಿ ರುಮಾಲ," ಎಂದೆ. "ನಿಮ್ಮ ಪೈಲವಾನರ ತಂದಿ. ನೀವು ಒಗದದ್ದು ಅವರಿಗೇ ಬೀಳತೈತಿ."

ಅವನು ಆ ಕಡೆ ನೋಡಿದ. ಎತ್ತಿದ ಕೈ ಹಾಗೆಯೇ ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಬೀಸಿದ ಕಲ್ಲು ನಮ್ಮ ತಲೆಯ ಮೇಲೆ ಹಾದು ಹೋಗಿ ಆ ಮುದುಕರ ಭುಜಕ್ಕೆ ಬಡಿಯಿತು. ಅವರ ಮಗ ಕಣದಿಂದ ಅವರತ್ತ ಓಡಿದ. ನಮ್ಮಣ್ಣನೂ ಓಡಿದ. ಮುದುಕರು ಇಬ್ಬರನ್ನೂ ಸರಿಸಿ ನಮ್ಮ ಕಡೆ ತಿರುಗಿದರು.

"ಯಾರಲೇ ಒಗದಾವ? ನಾ ನಿಮ್ಮೂರಾವನ ಅದೇನಿ!"

ಮುಂದಿನ ಸಾಲಿನವರು ಮೊದಲು ಕೂತರು, ಆಮೇಲೆ ಉಳಿದವರು. ಬೇಡಗದವನು ಕಲ್ಲನ್ನು ಕಾಲ ಬುಡದಲ್ಲಿ ಬಿಟ್ಟ.

ಜನ ಚದುರುವಾಗ ಅವನು ನನ್ನ ಹೆಗಲ ಮೇಲೆ ಕೈ ಹಾಕಿ, ಗುರುಗುಟ್ಟುತ್ತಿದ್ದ ತನ್ನವರ ನಡುವಿನಿಂದ ದಾಟಿಸಿ, ಕಾಕಾ ಇದ್ದಲ್ಲಿಗೆ ತಲುಪಿಸಿದ.

"ನಿಮ್ಮಣ್ಣಗ ಹೇಳ್ರಿ," ಎಂದ, ನಗದೆ. "ಬರೋ ವರ್ಷ ನಮ್ಮ ಹುಡುಗ ಬಿಡೂದಿಲ್ಲ."