ಕಾರಿನ ಹಣೆ

ಒಣ ಬಟ್ಟೆಯಿಂದ ಕಾರು ಒರೆಸಬಾರದು. ಈ ಒಂದು ಮಾತನ್ನು ಗದಗ ಬೆಟಗೇರಿಯ ಜನರಿಗೆ ತಿಳಿಸಿ ಹೇಳಲು ನನ್ನ ಇಡೀ ನೌಕರಿ ಸಾಲಲಿಲ್ಲ. ಮೈಮೇಲೆ ಧೂಳಿದ್ದಾಗ ಒಣ ಬಟ್ಟೆ ಆಡಿಸಿದರೆ ಒರೆಸಿದಂತಾಗುವುದಿಲ್ಲ, ಧೂಳಿನಿಂದ ಬಣ್ಣ ತಿಕ್ಕಿದಂತಾಗುತ್ತದೆ. ಹುಲಕೋಟಿ ಹಾದಿಯ ಕರಿ ಧೂಳು ಮೆತ್ತಗಿರುವುದರಿಂದ ಒಂದಿಷ್ಟು ಕ್ಷಮಿಸೀತು. ಮುಂಡರಗಿ ಹಾದಿಯ ಕೆಂಪು ಧೂಳಿನಲ್ಲಿ ಸಣ್ಣ ಹರಳಿರುತ್ತದೆ. ಅದು ಯಾರನ್ನೂ ಕ್ಷಮಿಸುವುದಿಲ್ಲ.

ನಾನು ಇದನ್ನು ಕಲಿತದ್ದು ಯುದ್ಧದ ಕಾಲದಲ್ಲಿ, ಸೈನ್ಯದ ಮೋಟಾರು ದಳದಲ್ಲಿ. ಐದಕ್ಕೆ ಏಳಬೇಕು, ಐದೂವರೆಗೆ ಗಾಡಿ ತೊಳೆಯಬೇಕು. ಆರಕ್ಕೆ ಹವಾಲ್ದಾರ ಬಂದು ಬಿಳಿ ಕರವಸ್ತ್ರವನ್ನು ಬಾಗಿಲ ಸಂದಿಯಲ್ಲಿ ಎಳೆದು ನೋಡುತ್ತಿದ್ದ. ಕರವಸ್ತ್ರ ಕಪ್ಪಾದರೆ ಅಂದು ಚಹಾ ಇಲ್ಲ. ಯುದ್ಧ ಮುಗಿದು ಊರಿಗೆ ಬಂದೆ. ಸ್ವಾತಂತ್ರ್ಯ ಬಂದ ವರ್ಷ ಗದುಗಿನ ಅರಳೆ ಸಾವಕಾರರೊಬ್ಬರ ಕಾರಿಗೆ ಡ್ರೈವರ್ ಆದೆ. ಕೆಲಸದ ಜೊತೆಗೆ ಅವರ ವಾಡೆಯ ಹಿತ್ತಲಲ್ಲಿ ಒಂದು ಖೋಲಿ ಸಿಕ್ಕಿತು. ಕೆಲಸ ಇರುವವರೆಗೆ ಖೋಲಿ ಎಂದು ಮೊದಲ ದಿನವೇ ಹೇಳಿದ್ದರು. ನಾನೂ ಹೆಂಡತಿಯೂ ಸಂಸಾರ ಹೂಡಿದ್ದು ಅದರಲ್ಲಿಯೇ.

ಕಾರು ಕಪ್ಪು, ಉದ್ದ ಮೂತಿಯದು. ಆಗಿನ್ನೂ ಲಕ್ಷ್ಮೇಶ್ವರ ಒಂದು ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಇನ್ನೊಂದಕ್ಕೆ. ಗದಗ ಮುಂಬಯಿ ಸರಕಾರದ್ದು. ಹತ್ತಿ ನೋಡಲು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಾರಿನ ಮೇಲೆ ಮೂರು ಸರಕಾರಗಳ ಧೂಳು ಕೂತಿರುತ್ತಿತ್ತು. ಯಾವ ಸರಕಾರದ ಧೂಳನ್ನೂ ನಾನು ಬೇರೆ ಮಾಡದೆ ತೊಳೆದೆ. ಬಾನೆಟ್ಟಿನ ತುದಿಯಲ್ಲಿ ಬಾವುಟ ಸಿಕ್ಕಿಸುವ ಚಿಕ್ಕ ಸಲಾಕೆ ಇತ್ತು. ಮೊದಲು ಅದಕ್ಕೆ ಸಾಹೇಬರ ಬಾವುಟ ಕಟ್ಟುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ತ್ರಿವರ್ಣ ಬಂದಿತ್ತು. ಸಾವಕಾರರ ತಲೆಯ ಮೇಲಿನ ಜರಿ ರುಮಾಲು ಕೂಡ ಅದೇ ವಾರ ಇಳಿದು ಬಿಳಿ ಟೊಪ್ಪಿಗೆ ಏರಿತ್ತು. ಸಲಾಕೆ ಮಾತ್ರ ಹಳೆಯದೇ.

ಒಂಬತ್ತು ವರ್ಷ ಹೀಗೆ ಸಾಗಿತು. ಕರ್ನಾಟಕ ಒಂದಾಗುವ ವರ್ಷ ಬಂತು. ಉತ್ಸವಕ್ಕೆ ಬರುವ ದೊಡ್ಡವರನ್ನು ಸ್ಟೇಶನ್ನಿನಿಂದ ಮೆರವಣಿಗೆಯಲ್ಲಿ ಕರೆತರಲು ಒಂದು ಕಾರು ಬೇಕಾಯಿತು. ಊರಲ್ಲಿ ಆ ಮಾನಕ್ಕೆ ತಕ್ಕ ಕಾರುಗಳು ಎರಡು. ಒಂದು ನಮ್ಮದು, ಇನ್ನೊಂದು ಬೆಟಗೇರಿಯ ಸೀರೆ ವ್ಯಾಪಾರಿಯದು. ಯಾವುದೆಂದು ಗೊತ್ತುಮಾಡಲು ಐದು ಜನರ ಕಮಿಟಿ ಆಯಿತು. ನಿವೃತ್ತ ಹೆಡ್ ಮಾಸ್ತರರೊಬ್ಬರು ಅದಕ್ಕೆ ಅಧ್ಯಕ್ಷರು. ಒಂದು ಬೆಳಿಗ್ಗೆ ಐವರೂ ಹೆಣ್ಣು ನೋಡಲು ಬಂದಂತೆ ಬಂದರು. ಅವಲಕ್ಕಿ ತಿಂದರು, ಚಹಾ ಕುಡಿದರು, ಆಮೇಲೆ ಅಂಗಳಕ್ಕಿಳಿದರು.

"ಮುಂದಕ್ಕ ತರ್ರಿ, ಬಿಸಲಾಗ ನೋಡೂಣು," ಎಂದರು ಮಾಸ್ತರರು.

ತಂದು ನಿಲ್ಲಿಸಿದೆ. ಒಂಬತ್ತರ ಬಿಸಿಲು ಬಾನೆಟ್ಟಿನ ಮೇಲೆ ಬಿತ್ತು. ನೆರಳಲ್ಲಿ ಕನ್ನಡಿಯಂತಿದ್ದ ಕರಿ ಬಣ್ಣದಲ್ಲಿ ಸೂರ್ಯನ ಬಿಂಬದ ಸುತ್ತ ನೂರಾರು ಸಣ್ಣ ಗೀರುಗಳು ಸುರುಳಿ ಸುರುಳಿಯಾಗಿ ಎದ್ದು ಕಂಡವು. ಮಾಸ್ತರರು ಕನ್ನಡಕ ಏರಿಸಿದರು.

"ಮಾರಿ ಮ್ಯಾಲ ಏನಿವು, ಸಾವಕಾರ್ರ? ಜ್ಯಾಡ ಬಲಿ ಹೆಣದಂಗ ಕಾಣತೈತಿ."

"ಎಲ್ಲಿ?" ಎಂದು ಸಾವಕಾರರು ಬಗ್ಗಿದರು. ಕಂಡಿತು. ಮುಖ ಇಳಿಯಿತು.

"ಹೊಳಪಿಲ್ಲ ಅನ್ನಂಗಿಲ್ಲ. ಆದ್ರ ದೊಡ್ಡವರು ಕುಂಡ್ರೂ ಗಾಡಿ. ಬೆಟಗೇರಿ ಗಾಡಿಗೆ ಇಂಥಾವು ಇಲ್ಲ."

"ಬೆಟಗೇರಿ ಗಾಡಿ ಬಿಳೇದ್ರಿ," ಎಂದೆ. ನನ್ನನ್ನು ಯಾರೂ ಕೇಳಿರಲಿಲ್ಲ. "ಬಿಳೀ ಬಣ್ಣದಾಗ ಗೀರು ಇರತಾವ, ಕಾಣಂಗಿಲ್ಲ."

"ಕಾಣದಿದ್ರ ಆತಲ್ಲಪಾ. ಮಂದಿಗೆ ಮತ್ತೇನು ಬೇಕು?" ಎಂದರು ಮಾಸ್ತರರು. ಅವರು ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದವರು.

ಎಂಟು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತೇವೆಂದು ಕಮಿಟಿ ಹೋಯಿತು. ಸಾವಕಾರರು ನನ್ನ ಕಡೆ ತಿರುಗಿದರು.

"ಎಂಟು ದಿನದಾಗ ಗೀರು ಹೋಗಬೇಕು. ಗೀರು ಹೋಗಲಿಲ್ಲಂದ್ರ ನೀ ಹೋಗಬೇಕು. ಖೋಲೀನೂ ಖಾಲಿ ಮಾಡಬೇಕು. ತಿಳೀತಿಲ್ಲೋ?"

"ತಿಳೀತ್ರಿ."

"ಏನರ ಹಚ್ಚಿ ತುಂಬಿಬಿಡು ಅದನ್ನ."

ಎಲ್ಲರೂ ಹಾಗೆಯೇ ತಿಳಿದಿದ್ದಾರೆ. ಗೀರು ಎಂದರೆ ಬಣ್ಣದಲ್ಲಿ ಬಿದ್ದ ತಗ್ಗು. ಮೇಣ ಹಚ್ಚಿದರೆ ಎರಡು ದಿನ ಮುಚ್ಚಿಕೊಂಡೀತು, ಹೋಗುವುದಿಲ್ಲ. ಹೋಗಬೇಕಾದರೆ ಸುತ್ತಲಿನ ಬಣ್ಣವನ್ನು ತಗ್ಗಿನ ತಳದ ಮಟ್ಟಕ್ಕೆ ಇಳಿಸಬೇಕು. ಅಂದರೆ ಗೀರು ಬಿದ್ದ ಜಾಗವನ್ನು ಸರಿಮಾಡಲು, ಏನೂ ತಪ್ಪು ಮಾಡದ ಜಾಗವನ್ನು ಸವೆಸಬೇಕು. ಈ ಮಾತನ್ನು ಸಾವಕಾರರಿಗೆ ಹೇಳಿದೆ. ನಾನು ಕೆಲಸ ತಪ್ಪಿಸಲು ಹೇಳುತ್ತಿದ್ದೇನೆ ಎಂದುಕೊಂಡರು.

ಮರುದಿನದಿಂದ ಶುರುಮಾಡಿದೆ. ಮೊದಲು ನೀರು ಸುರಿದು ಧೂಳು ತಾನಾಗಿ ಜಾರಿ ಹೋಗುವಂತೆ ಮಾಡುವುದು. ಆಮೇಲೆ ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ತೊಳೆಯುವುದು. ನೂರು ಸಲ ಒಗೆದು ಬೆಣ್ಣೆಯಂತಾದ ಹಳೆ ಧೋತರದ ತುಂಡಿಗೆ ಡಬ್ಬಿಯ ರಬ್ಬಿಂಗ್ ಪೇಸ್ಟನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಒಂದು ಗೇಣು ಜಾಗದಲ್ಲಿ ಮಾತ್ರ, ಮುಂದಿನಿಂದ ಹಿಂದಕ್ಕೆ ಸೀದಾ ತಿಕ್ಕುವುದು. ದುಂಡಗೆ ತಿಕ್ಕಬಾರದು. ನಲವತ್ತು ಸಲ ಎಳೆದು, ಒರೆಸಿ, ಬಿಸಿಲಿಗೆ ಓರೆಯಾಗಿ ನೋಡುವುದು. ಆದ ಮೇಲೆ ಇನ್ನೂ ನುಣ್ಣನೆಯ ಪಾಲಿಶ್, ಕೊನೆಗೆ ಮೇಣ. ಸಂಜೆಯ ಹೊತ್ತಿಗೆ ಬಾನೆಟ್ಟಿನ ಅರ್ಧ ಶುದ್ಧವಾಯಿತು.

ಮರುದಿನ ಬಿಸಿಲಿಗೆ ನೋಡಿದರೆ ಅದೇ ಅರ್ಧದ ಮೇಲೆ ಹೊಸ ಸುರುಳಿ. ಮತ್ತೆ ತಿಕ್ಕಿದೆ. ಮೂರನೆಯ ದಿನ ಮತ್ತೆ ಅದೇ. ನನ್ನ ತೊಳೆಯುವ ಕ್ರಮದಲ್ಲಿ ತಪ್ಪಿಲ್ಲ ಎಂಬುದು ನನಗೆ ಗೊತ್ತಿತ್ತು. ನಾಲ್ಕನೆಯ ದಿನ ಗಾಡಿ ತೊಳೆದಿಟ್ಟು, ಖೋಲಿಗೆ ಹೋಗದೆ ಹಿತ್ತಲ ಬಾಗಿಲ ಮರೆಯಲ್ಲಿ ನಿಂತೆ.

ಏಳಕ್ಕೆ ಪೂಜೆ ಮುಗಿಸಿ ಸಾವಕಾರರೇ ಹೊರಗೆ ಬಂದರು. ಕೈಯಲ್ಲಿ ವಿಭೂತಿ. ಬಾನೆಟ್ಟಿನ ನಡುವೆ ಮೂರು ಬೆರಳಿನಿಂದ ಪಟ್ಟೆ ಎಳೆದು ಕೈಮುಗಿದರು. ನಾನು ಇದನ್ನು ಮೊದಲು ಕಂಡಿರಲಿಲ್ಲ. ಆ ಹೊತ್ತಿಗೆ ನಾನು ಖೋಲಿಯಲ್ಲಿ ರೊಟ್ಟಿ ತಿನ್ನುತ್ತಿರುತ್ತಿದ್ದೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಕರಿ ಬಣ್ಣದ ಮೇಲೆ ಬಿಳಿ ಪಟ್ಟೆ ಪಾರಿವಾಳದ ಹೇಲಿನಂತೆ ಕಾಣುತ್ತಿತ್ತು. ಪೇಟೆಗೆ ಹಾಗೆಯೇ ಹೋಗುವಂತಿಲ್ಲ. ಹೆಗಲ ಶಲ್ಯ ತೆಗೆದು, ಬಾಯಿಂದ ಹಾ ಎಂದು ಉಸಿರು ಬಿಟ್ಟು, ದುಂಡಗೆ ದುಂಡಗೆ, ಭಕ್ತಿಯಿಂದ ಒರೆಸಿದರು. ವಿಭೂತಿ ಎಂದರೆ ಸೋಸಿದ ಬೂದಿ. ಬೆಳ್ಳಿ ಬಟ್ಟಲು ಬೆಳಗುವ ವಸ್ತು. ನಾನು ಪೇಟೆಯಿಂದ ತಂದ ಪೇಸ್ಟಿಗಿಂತ ಚುರುಕಾಗಿ ಕೆಲಸ ಮಾಡುತ್ತಿತ್ತು.

ಅಂದು ತಿಕ್ಕುವಾಗ ಬಾನೆಟ್ಟಿನ ನಡುವೆ ಉದ್ದಕ್ಕೆ ಉಬ್ಬಿದ ಏಣಿನ ಮೇಲೆ ಅಕ್ಕಿಕಾಳಿನಷ್ಟು ಕೆಂಪು ಕಂಡಿತು. ಕರಿ ಬಣ್ಣ ಮುಗಿದು ಅಡಿಯ ಬಣ್ಣ ಇಣುಕುತ್ತಿತ್ತು. ಇನ್ನು ಎರಡು ದಿನ ಅವರು ಒರೆಸಿ ನಾನು ತಿಕ್ಕಿದರೆ ಬಾನೆಟ್ಟು ಕೆಂಪಾಗುತ್ತಿತ್ತು. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ.

"ಹೇಳಿದ್ರ ಕೆಲಸ ಹೊಕ್ಕೈತಿ, ಹೇಳಲಿಲ್ಲಂದ್ರೂ ಹೊಕ್ಕೈತಿ," ಎಂದಳು. "ಬಾಯರ ಬಿಚ್ಚಿ ಹೋಗ್ರಿ."

ಸಾವಕಾರರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಎಂಬತ್ತು ದಾಟಿದ ಅವರ ತಾಯಿ ಅಡಿಕೆ ಕುಟ್ಟುತ್ತಿದ್ದರು. ಎದುರಿಗೆ ನೆಟ್ಟಗೆ ನಿಂತು ವರದಿ ಕೊಟ್ಟೆ.

"ಗೀರು ಎಲ್ಲಿಂದ ಬರತಾವ ಗೊತ್ತಾತ್ರಿ. ವಿಭೂತಿಯಿಂದ್ರಿ."

ಅಡಿಕೆ ಕುಟ್ಟುವ ಸದ್ದು ನಿಂತಿತು. "ದೇವರ ಪ್ರಸಾದಕ್ಕ ಗೀರು ಬೀಳತಾವೇನೋ?" ಎಂದರು ಸಾವಕಾರರು.

"ಪ್ರಸಾದಕ್ಕಲ್ರಿ, ಅದನ್ನ ಒರಸೂದಕ್ಕ."

"ಬರಿ ಹಣಿ ಗಾಡಿ ಹತ್ತಿ ನಾ ಎಲ್ಲೂ ಹೋಗಂಗಿಲ್ಲ."

"ಹಣಿಗೆ ಹಚ್ಚಬ್ಯಾಡ್ರಿ ಅನ್ನಂಗಿಲ್ಲ ನಾ. ಅದು ಹಣಿ ಅಲ್ರಿ."

ಸಾವಕಾರರು ಎದ್ದು ಕಾರಿನ ಹತ್ತಿರ ಬಂದರು. ದೀಪಗಳನ್ನು ತೋರಿಸಿದರು. "ಇವು ಕಣ್ಣು. ಕಣ್ಣಿನ ಮ್ಯಾಲಿಂದು ಹಣಿ. ಸಣ್ಣ ಕೂಸಿಗೂ ಗೊತ್ತೈತಿ."

"ದೀಪ ಹಗಲು ಹಚ್ಚಂಗಿಲ್ರಿ. ಹಗಲೆಲ್ಲ ಗಾಡಿ ಕಣ್ಣು ಮುಚಿಗೊಂಡು ಓಡತೈತೇನ್ರಿ? ನಾ ಹಾದಿ ನೋಡೂದು ಈ ಮುಂದಿನ ಗಾಜಿನಾಗಿಂದ. ಗಾಜು ಕಣ್ಣು. ಗಾಜಿನ ಮ್ಯಾಲಿನ ಅಂಚು ಹಣಿ."

"ಹಂಗಾದ್ರ ಬಾನೆಟ್ಟು ಏನೋ?"

"ಮೂಗ್ರಿ."

ಮುದುಕಿಗೆ ನಗೆ ತಡೆಯಲಾಗಲಿಲ್ಲ. "ಯಪ್ಪಾ, ಇಷ್ಟ ವರ್ಷ ಮೂಗಿಗೆ ಹಚ್ಚೀಯೇನು? ನಿಮ್ಮಪ್ಪ ಇದ್ದಿದ್ರ ಏನಂತಿದ್ದ?"

ಶಾಸ್ತ್ರ ಅಲ್ಲಿಗೆ ತೀರ್ಮಾನವಾಯಿತು. ಮರುದಿನದಿಂದ ವಿಭೂತಿ ಗಾಜಿನ ಮೇಲಂಚಿಗೆ ಏರಿತು. ಗಾಜಿಗೆ ಬೂದಿಯ ಭಯವಿಲ್ಲ. ಅಲ್ಲಿಗೆ ಕೈ ಎಟುಕಲು ಸಾವಕಾರರು ಒಂದು ಮಣೆ ತರಿಸಿದರು. ನಾನು ಏಣನ್ನು ಬಿಟ್ಟು ಉಳಿದ ಭಾಗವನ್ನು ಮೂರು ದಿನದಲ್ಲಿ ಮುಗಿಸಿದೆ. ಕೆಂಪು ಕಾಳಿನ ಮೇಲೆ ಸಣ್ಣ ಕುಂಚದಿಂದ ಕರಿ ಬಣ್ಣ ಮುಟ್ಟಿಸಿದೆ.

ಹೊಸದಾಗಿ ದೀಕ್ಷೆ ಪಡೆದವರ ನಿಷ್ಠೆ ಗುರುವಿಗೂ ಇರುವುದಿಲ್ಲ. ಆ ಮೂರು ದಿನ ಸಾವಕಾರರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾರು ಕಾದರು. ಬೆಳ್ಳಟ್ಟಿಯಿಂದ ಬಂದ ಬೀಗರು ಕಾರಿನ ಬಾಗಿಲಿಗೆ ಒರಗಿ ನಿಂತಾಗ, "ಬೀಗರ, ಗ್ವಾಡಿಗೆ ಆತು ನಿಂದರ್ರಿ, ಗ್ವಾಡಿ ಗಟ್ಟಿ ಐತಿ," ಎಂದರು. ಅರಳೆ ಪೇಟೆಯಲ್ಲಿ ಒಣ ಬಟ್ಟೆಯ ದೋಷಗಳ ಬಗ್ಗೆ ತಾವೇ ಕಂಡುಹಿಡಿದವರಂತೆ ಭಾಷಣ ಮಾಡಿದರಂತೆ.

ಎಂಟನೆಯ ದಿನ ಕಮಿಟಿ ಬಂತು. ಒಂಬತ್ತರ ಬಿಸಿಲಲ್ಲಿ ಮಾಸ್ತರರು ಬಗ್ಗಿ ನೋಡಿದರು. ಒಂದು ಎಳೆಯೂ ಇಲ್ಲ. ಅವರ ಮುಖ, ಹಿಂದಿನ ಬೇವಿನ ಮರ, ಮರದ ಮೇಲಿನ ಕಾಗೆ, ಎಲ್ಲ ಕಾಣುತ್ತಿತ್ತು. "ಭೇಷ್," ಎಂದರು. "ನಿಮ್ಮದ ಗಾಡಿ ಅಂತ ಬರಕೋರಿ." ಹೀಗೆ ಹೇಳಿ, ಸಂತೋಷಕ್ಕೆ, ಹೆಗಲ ಶಲ್ಯ ಎಳೆದು ಬಾನೆಟ್ಟನ್ನು ಒಮ್ಮೆ ದುಂಡಗೆ ಸವರಲು ಕೈ ಎತ್ತಿದರು.

ಸಾವಕಾರರು ಅವರ ಮಣಿಕಟ್ಟು ಹಿಡಿದರು.

"ಒಣ ಅರಿವಿ ಹಚ್ಚಬ್ಯಾಡ್ರಿ, ಮಾಸ್ತರ್ರ. ಧೂಳೈತಿ ಅದರಾಗ."

"ಇದು ಖಾದಿ ಐತ್ರೀ."

"ಖಾದಿಯಾಗಿನ ಧೂಳೂ ಧೂಳ ಅಲ್ಲೇನ್ರಿ?"

ಕಮಿಟಿಯ ಐದೂ ಟೊಪ್ಪಿಗೆಗಳು ಒಮ್ಮೆಲೆ ಸಾವಕಾರರ ಕಡೆ ತಿರುಗಿದವು. ಮಾಸ್ತರರು ಕೈ ಬಿಡಿಸಿಕೊಂಡು ಶಲ್ಯವನ್ನು ಹೆಗಲಿಗೆ ಹಾಕಿಕೊಂಡರು. "ಹರದು ಹಂಚಿಹೋದ ನಾಡು ಒಂದಾಗಾಕತ್ತೈತಿ, ಸಾವಕಾರ್ರ. ಮಂದಿ ಮುಟ್ಟಬಾರದ ಗಾಡಿ ನಮಗ್ಯಾಕ ಬೇಕು? ನಡೀರಪಾ, ಬೆಟಗೇರಿಗೆ."

ಸಾವಕಾರರು ಒಳಗೆ ಹೋದರು. ಗೀರು ಹೋದರೆ ಕೆಲಸ ಉಳಿಯುತ್ತದೆ ಎಂಬುದು ಕರಾರು. ಗೀರು ಹೋಗಿತ್ತು, ಜೊತೆಗೆ ಮಾನವೂ ಹೋಗಿತ್ತು. ಇಂಥ ಹೊತ್ತಿನಲ್ಲಿ ಕರಾರು ಯಾರು ನೋಡುತ್ತಾರೆ? ಅವರಿಗೆ ಒಣ ಬಟ್ಟೆಯ ಪಾಠ ಹೇಳಿಕೊಟ್ಟವನು ನಾನೇ. ಉತ್ಸವದ ದಿನದವರೆಗೂ ಅವರು ನನ್ನೊಡನೆ ಮಾತಾಡಲಿಲ್ಲ. ಹೆಂಡತಿ ಉತ್ಸವದ ದಿನ ಬೆಳಿಗ್ಗೆ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಹೇಳಿಸಿಕೊಂಡು ಹೋಗುವುದಕ್ಕಿಂತ ಸಿದ್ಧವಾಗಿರುವುದು ಮೇಲೆಂಬುದು ಅವಳ ಮತ.

ಮೆರವಣಿಗೆಯ ಹೊತ್ತಿಗೆ ಸಾವಕಾರರು ನನ್ನನ್ನು ಕರೆದುಕೊಂಡು ನಡೆದೇ ಸ್ಟೇಶನ್ ರಸ್ತೆಗೆ ಬಂದರು. ಬಿಳಿ ಕಾರು ಬಂತು. ಒಳಗೆ ದೊಡ್ಡವರು, ಹೊರಗೆ ಹೂವು, ಗುಲಾಲು, ಜಯಘೋಷ. ಎರಡೂ ಬದಿಯ ಜನ ಕಾರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಬಿದ್ದ ಗುಲಾಲನ್ನು ಸ್ವಯಂಸೇವಕರು ಟವೆಲ್ಲಿನಿಂದ ದುಂಡಗೆ ಒರೆಸುತ್ತ ಓಡುತ್ತಿದ್ದರು. ಮಾಸ್ತರರು ಎಲ್ಲರಿಗಿಂತ ಮುಂದೆ ಇದ್ದರು, ಖಾದಿಯಿಂದ ಒರೆಸುತ್ತ. ಊರೆಲ್ಲ ಕರ್ನಾಟಕಕ್ಕೆ ಜಯ ಎನ್ನುತ್ತಿದ್ದಾಗ ನನ್ನ ಪಕ್ಕದಲ್ಲಿ ಸಾವಕಾರರು ಮೆಲ್ಲಗೆ ಗೊಣಗುತ್ತಿದ್ದರು.

"ಒಣ ಅರಿವಿ. ಅಲ್ಲಿ ನೋಡು, ಮತ್ತೊಂದು ಒಣ ಅರಿವಿ. ಶಿವಶಿವಾ."

ಕಾರು ತಿರುವಿನಲ್ಲಿ ಮರೆಯಾಯಿತು. ಅವರು ಟೊಪ್ಪಿಗೆ ಸರಿಮಾಡಿಕೊಂಡರು. ಮುಖದಲ್ಲಿ ಉಂಡು ತೃಪ್ತರಾದವರ ಕಳೆ ಇತ್ತು.

"ನಮ್ಮ ಗಾಡಿ ಅಲ್ಲೇನಾರ ಇದ್ದಿದ್ರ?" ಎಂದರು.

"ಬಣ್ಣ ಉಳೀತಿರಲಿಲ್ರಿ."

"ನಾಳೆ ಆರಕ್ಕ ಡಂಬಳಕ್ಕ ಹೋಗೂದೈತಿ. ಐದೂವರಿಗೆ ತೊಳದು ಇಡು. ಅಲ್ಲಿ ಯಾರಿಗೂ ಕೈ ಹಚ್ಚಗೊಡಬ್ಯಾಡ, ನನಗೂ."

ಖೋಲಿಗೆ ಬಂದು ಹೆಂಡತಿಗೆ ತಿಳಿಸಿದೆ. ಅವಳು ಚೀಲದ ಬಾಯಿ ಬಿಚ್ಚಿದಳು. ರೊಟ್ಟಿ ಸುಡುವ ಹಂಚು ಎಲ್ಲಕ್ಕಿಂತ ತಳಕ್ಕೆ ಹೋಗಿತ್ತು. ಒಂದೊಂದೇ ಪಾತ್ರೆ ತೆಗೆದು ಅದು ಸಿಗುವವರೆಗೆ ಅಂದು ರೊಟ್ಟಿ ಆಗಲಿಲ್ಲ.