ಎರಡು ಗಂಟಿನ ದಾರ

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಮನೆಯ ಮುಂದೆ ಒಂದು ಹಳೆಯ ಜೀಪು ಇತ್ತು. ಹತ್ತಿ ವ್ಯಾಪಾರಕ್ಕೆಂದು ನಾನು ಕೊಂಡದ್ದು. ಓಡುವುದಕ್ಕಿಂತ ನಿಲ್ಲುವುದರಲ್ಲೇ ಅದಕ್ಕೆ ಹೆಚ್ಚಿನ ಪಾಂಡಿತ್ಯ. ಬ್ಯಾಟರಿ ಸೋತಿದ್ದರಿಂದ ದಿನವೂ ಓಣಿಯವರು ಪಲ್ಲಕ್ಕಿ ಹೊತ್ತಷ್ಟೇ ಭಕ್ತಿಯಿಂದ ಅದನ್ನು ತಳ್ಳುತ್ತಿದ್ದರು.

ಒಂದು ಮುಂಜಾನೆ ಸಾಲಹಳ್ಳಿಯಿಂದ ಆಳು ಬಂದ. ಅವ್ವನ ತಂಗಿ, ನಮ್ಮ ಚಿಗವ್ವ, ಕೊನೆಯ ಉಸಿರು ಎಳೆಯುತ್ತಿದ್ದಳು. ಅಕ್ಕ ಬಂದಳೇ ಎಂದು ಕೇಳುತ್ತಲೇ ಇದ್ದಳಂತೆ.

"ಒಂಬತ್ತರ ಬಸ್ಸಿಗೆ ಹೋಗೂಣು ನಡಿ," ಎಂದಳು ಅವ್ವ.

"ಬಸ್ಸು ಊರೂರಿಗೆ ನಿಂತಕೋಂತ ಹೊಕ್ಕೈತಿ ಬೇ. ಹೊಸಾ ಬ್ಯಾಟರಿ ಹಾಕಿ ಒಂದ ದಮ್ಮಿಗೆ ಒಯ್ತೇನಿ."

ಹಳೆಯ ಬ್ಯಾಟರಿ ಹೊತ್ತೊಯ್ದರೆ ಆಸಿಡ್ ಚೆಲ್ಲಿ ಧೋತರ ಸುಡುತ್ತದೆಂಬ ಭಯ ನನಗೆ. ಕೂಸಿನ ಉಡದಾರದಿಂದ ಎತ್ತಿನ ಕೊರಳಪಟ್ಟಿಯವರೆಗೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ದಾರದ ಅಳತೆ. ನಾನೂ ಒಂದು ದಾರ ಹಿಡಿದು ಬ್ಯಾಟರಿಯ ಉದ್ದಕ್ಕೊಂದು, ಅಗಲಕ್ಕೊಂದು ಗಂಟು ಹಾಕಿ ಗಂಭೀರವಾಗಿ ಪೇಟೆಗೆ ನಡೆದೆ.

ಅಂಗಡಿಯವನು ದಾರವನ್ನು ನೋಡಿದ. "ಎತ್ತರ ಎಷ್ಟ್ ಐತ್ರಿ?"

"ಮ್ಯಾಲೆ ಆಕಾಶ ಐತಿ. ಅಳತಿ ಯಾಕ ಬೇಕು? ದೊಡ್ಡದs ಕೊಡ್ರಿ."

"ಆಕಾಶಕ್ಕಿಂತ ಮೊದಲ ಬಾನೆಟ್ ಬರತೈತ್ರಿ ಸಾವ್ಕಾರ. ಆ ಹಳೇದು ತಂದ ತೋರಸ್ರಿ."

ಉಪದೇಶ ಕೇಳಲು ನಾನು ಅಲ್ಲಿಗೆ ಹೋಗಿರಲಿಲ್ಲ. ದೊಡ್ಡದನ್ನೇ ತಂದೆ. ಬ್ಯಾಟರಿ ಕೂರಿಸುವ ತಟ್ಟೆಯಲ್ಲಿ ಅದು ಅಚ್ಚುಕಟ್ಟಾಗಿ ಕೂತಿತು, ಬಾನೆಟ್ ಮಾತ್ರ ಮುಚ್ಚಲಿಲ್ಲ. ತಗಡು ಬ್ಯಾಟರಿಯ ವೈರಿನ ತುದಿಗೆ ತಾಗದಿರಲೆಂದು ನಡುವೆ ಗೋಣಿಚೀಲ ಮಡಚಿಟ್ಟು, ಬಾನೆಟ್ಟನ್ನು ಹಗ್ಗದಿಂದ ಬಿಗಿದೆ. ಅಷ್ಟರಲ್ಲಿ ಒಂಬತ್ತರ ಬಸ್ಸು ಹೋಗಿತ್ತು. ಜೀಪು ಮಾತ್ರ ಕೀಲಿಯ ಒಂದೇ ತಿರುವಿಗೆ ಗುಡುಗಿತು. ನಾನು ಅವ್ವನ ಕಡೆ ದಂಡು ಗೆದ್ದವನಂತೆ ನೋಡಿದೆ. ಅವಳು ರಸ್ತೆ ನೋಡುತ್ತಿದ್ದಳು.

ಯರಗಟ್ಟಿ ಇನ್ನೂ ಎರಡು ಮೈಲು ಇರುವಾಗ ಜೀಪು ಒಂದು ತಗ್ಗಿನಲ್ಲಿ ಜಿಗಿಯಿತು. ಗೋಣಿಚೀಲ ಸರಿದು ಬಾನೆಟ್ಟಿನ ತಗಡು ಬ್ಯಾಟರಿಗೆ ಬಡಿಯಿತು. ಚಟ್ ಎಂದು ಕಿಡಿ, ಆಮೇಲೆ ಹೊಗೆ. ಮಣ್ಣು ಎರಚಿ ಆರಿಸಿದೆ. ಅಷ್ಟರಲ್ಲಿ ವೈರುಗಳೆಲ್ಲ ಕರಗಿದ್ದವು. ಬಿಸಿಲಲ್ಲಿ ಯರಗಟ್ಟಿಗೆ ನಡೆದೆವು. ಮುಂದಿನ ಬಸ್ಸಿಗಾಗಿ ಕಾದೆವು.

ಸಾಲಹಳ್ಳಿ ಮುಟ್ಟಿದಾಗ ಜನ ಮಣ್ಣು ಕೊಟ್ಟು ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಚಿಗವ್ವನ ಮಗ ಅವ್ವನ ಕೈ ಹಿಡಿದುಕೊಂಡ.

"ಭಾಳ ಹೊತ್ತ ಕಾದ್ವಿ ದೊಡ್ಡವ್ವಾ. ಒಂಬತ್ತರ ಬಸ್ಸಿಗೆ ಬಂದಿದ್ರ ಮುಖಾನರ ಸಿಗತಿತ್ತು."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ನಂದs ತಪ್ಪಪಾ. ಸೀರಿ ಉಟ್ಟ ಹೊರಡೂದ್ರಾಗ ತಡಾ ಮಾಡಿದೆ. ಬಸ್ಸು ತಪ್ಪಿತು."

ನನ್ನ ಅಂಗಿಯ ಕಿಸೆಯಲ್ಲಿ ದಾರ ಇನ್ನೂ ಇತ್ತು. ಅವ್ವ ಇರುವವರೆಗೂ ಸಾಲಹಳ್ಳಿಯವರು ಅವಳ ಸೀರೆಯನ್ನು ಆಡಿಕೊಂಡರು. ಪ್ರತಿ ಸಲವೂ ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.